ಮಂಚದಡಿಯ ಸೈಕಲ್ಲು

ಶಶಿಕಲಾಗೆ ಗಂಡನ ಕೈಕೆಲಸದ ಮೇಲೆ ಎಷ್ಟು ಹೆಮ್ಮೆಯೋ ಅವನ ತಲೆಯ ಮೇಲೆ ಅಷ್ಟೇ ಸಿಟ್ಟು. ಕೆಂಗೇರಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಮಹದೇವ್ ಅವಳಿಗೆಂದೇ ಮಡಚುವ ಸೈಕಲ್ಲೊಂದನ್ನು ಕಟ್ಟುತ್ತಿದ್ದ. ಅವಳು ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಟೈಲರ್. ಚಂದ್ರಾ ಲೇಔಟಿನ ಮನೆಯಿಂದ ಬಸ್ಸು ನಂಬಿ ಹೊರಟು ಆ ತಿಂಗಳು ಎರಡು ಸಲ ತಡವಾಗಿತ್ತು. ಇನ್ನೊಂದು ಸಲವಾದರೆ ಬರಲೇಬೇಡ ಎಂದು ಸೂಪರ್‌ವೈಸರ್ ಹೇಳಿಯಾಗಿತ್ತು. ಮಾಮೂಲಿ ಸೈಕಲ್ಲು ತರೋಣವೆಂದರೆ ಮನೆ ಒಡತಿ ಅಕ್ಕಯ್ಯಮ್ಮ ಕೆಳಗೆ ನಿಲ್ಲಿಸಲು ಬಿಡುವುದಿಲ್ಲ. ಮಹಡಿಯ ಒಂದೇ ಕೋಣೆಯಲ್ಲಿ ಖಾಲಿ ಜಾಗವೆಂದರೆ ಮಂಚದಡಿ ಮಾತ್ರ.

ಮಹದೇವ್ ಮಂಚದ ಕೆಳಗೆ ತೂರಿ ಅಳತೆ ತೆಗೆದ. ಹದಿನಾಲ್ಕು ಇಂಚು. ಅಷ್ಟರೊಳಗೆ ಹಿಡಿಯುವಂತೆ ಚಿಕ್ಕ ಚಕ್ರ ಹಾಕಿದ, ಹ್ಯಾಂಡಲ್ ಹತ್ತಿರ ತಂದ, ಸೀಟು ಇಳಿಸಿದ. ಸೈಕಲ್ಲು ಮಡಚಿಕೊಂಡು ಸರ್ರನೆ ಮಂಚದಡಿ ಸೇರಿತು. ಶಶಿಕಲಾ ಹತ್ತಿ ತುಳಿದರೆ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತದೆ! ಎರಡು ಬೀದಿ ದಾಟುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು.

"ರೀ, ಇದು ಸೈಕಲ್ಲಾ, ಸರ್ಕಸ್ಸಾ?"

"ಎಷ್ಟು ಚಿಕ್ಕದಾಗಿ ಮಡಚುತ್ತೆ ನೋಡೇ!"

"ಅದು ಮಡಚ್ಕೊಳ್ಳುತ್ತೆ, ಸರಿ. ತುಳಿಯೋಳು ನಾನೂ ಮಡಚ್ಕೋಬೇಕಾ?"

ಸರಿಮಾಡುತ್ತೇನೆಂದು ಒಯ್ದವನು ವಾರ ಬಿಟ್ಟು ತಂದಾಗ ಅದು ಇನ್ನೂ ಒಂದಿಂಚು ಚಿಕ್ಕದಾಗಿತ್ತು. ಶಶಿಕಲಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಈ ಮನುಷ್ಯ ಇಪ್ಪತ್ತು ವರ್ಷ ಕಿಟಕಿಯ ಅಳತೆ ತೆಗೆದು ಗ್ರಿಲ್ ಕೂರಿಸಿದವನು. ತೆರಪು ಕಂಡರೆ ಸಾಕು, ಅದಕ್ಕೆ ಹೊಂದಿಸಿಬಿಡುತ್ತಾನೆ. ಅವಳ ಕಸುಬಿನಲ್ಲಿ ಮೊದಲು ಮೈಯಳತೆ, ಆಮೇಲೆ ಕತ್ತರಿ. ಬೀರುವಿನ ಅಳತೆಗೆ ಯಾರಾದರೂ ರವಿಕೆ ಹೊಲಿಯುತ್ತಾರೆಯೇ?

ತನ್ನ ಹೊಲಿಗೆಯ ಟೇಪನ್ನು ಅವನ ಕೈಗೆ ತುರುಕಿದಳು. "ತಗೊಳ್ಳಿ ಅಳತೆ. ಮಂಚದ್ದಲ್ಲ, ನಂದು!"

ಸೊಂಟದಿಂದ ಹಿಮ್ಮಡಿ, ಭುಜದಿಂದ ಮಣಿಕಟ್ಟು, ಎಲ್ಲವನ್ನೂ ಅವನು ಕ್ಯಾಲೆಂಡರಿನ ಹಿಂದೆ ಗೀಚಿಕೊಂಡ. ಸೋಮವಾರ ಬೆಳಿಗ್ಗೆ ಹೊಸ ಅಳತೆಯ ಸೈಕಲ್ಲು ಬಂತು. "ಮಡಚಿದ್ರೆ ಹದಿನೆಂಟು ಇಂಚಾಗುತ್ತೆ ಕಣೇ. ಜಾಗ ನಾನು ನೋಡ್ಕೋತೀನಿ, ನೀನು ಹೊರಡು" ಎಂದ. ಮಂಡಿ ಎಲ್ಲಿಯೂ ತಾಗಲಿಲ್ಲ. ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮೊದಲೇ ಅವಳು ಮೆಷಿನ್ ಮುಂದೆ ಕೂತಿದ್ದಳು. ಕೆಲಸ ಉಳಿಯಿತು.

ಸಂಜೆ ಸೈಕಲ್ಲನ್ನು ಮಡಚಿ ಮೇಲೆ ತಂದರೆ, ಮಹದೇವ್ ಅಂಗಡಿಯಿಂದ ಪೈಪಿನ ತುಂಡು ತಂದು ಮಂಚದ ನಾಲ್ಕೂ ಕಾಲಿಗೆ ಸಿಕ್ಕಿಸಿ ಐದಿಂಚು ಎತ್ತರಿಸಿದ್ದ. ಸೈಕಲ್ಲು ಸಲೀಸಾಗಿ ಒಳಗೆ ಹೋಯಿತು.

"ಹೆಂಗೆ?" ಎಂದ, ಮುಖವರಳಿಸಿ.

ಶಶಿಕಲಾ ದಣಿದು ಮಂಚದ ಮೇಲೆ ಕೂತಳು. ಕಾಲು ನೆಲಕ್ಕೆ ಎಟುಕಲಿಲ್ಲ.

"ಅಯ್ಯೋ ನಿಮ್ಮ!" ಎಂದವಳೇ ಕೊರಳಲ್ಲಿದ್ದ ಟೇಪು ತೆಗೆದು ಮತ್ತೆ ಅವನ ಕೈಗೆ ಕೊಟ್ಟಳು.