ರೈನೊ ಹಾಕಿದ ‘ಬೇಡ’

ಲೆಂಪಿ ಶಾಲೆಯ ಅಡುಗೆಮನೆಗೆ ಸೇರಿದಾಗ ಅವಳ ಮಗ ಒಂದನೇ ಕ್ಲಾಸು. ಅವನು ಓದು ಮುಗಿಸಿ, ಮರದ ಮಿಲ್ಲು ಸೇರಿ, ಮದುವೆಯೂ ಆದ. ಲೆಂಪಿ ಮಾತ್ರ ಅದೇ ಒಲೆಯ ಮುಂದೆ ನಿಂತಿದ್ದಳು. ಮಿಶಿಗನ್ನಿನ ಉತ್ತರದ ಆ ಊರಲ್ಲಿ ಅವಳ ಏಲಕ್ಕಿ ಬ್ರೆಡ್ಡು ತಿನ್ನದೆ ಬೆಳೆದ ಮಕ್ಕಳೇ ಇಲ್ಲ. “ಏಯ್, ಆಲೂಗಡ್ಡೆ ನಿನ್ನನ್ನೇನು ಕಚ್ಚುತ್ತೇನೋ?” ಎಂದು ಗದರುವುದು, ಹಸಿದವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಸುರಿಯುವುದು, ಇದೇ ಅವಳ ಬದುಕು.

ಗಂಡ ರೈನೊ ಕೆಟ್ಟವನಲ್ಲ. ಆದರೆ ಮನೆ ತೆರಿಗೆ ಎಂದರೆ ಉರಿದು ಬೀಳುತ್ತಿದ್ದ. ಶಾಲೆ ನಡೆಯುತ್ತಿದ್ದುದೇ ಆ ತೆರಿಗೆಯಿಂದ. ಸಾಲದೆ ಬಂದಾಗ ‘ಏರಿಸೋಣವೇ?’ ಎಂದು ಊರವರ ವೋಟು ಕೇಳುತ್ತಿದ್ದರು. ಪಟ್ಟಣದವರು ಸರೋವರದ ದಂಡೆಗೆ ಬಂದು ಬಂಗಲೆ ಕಟ್ಟಿದಂತೆಲ್ಲ ರೈನೊನ ಹಳೇ ಮರದ ಮನೆಯ ಬೆಲೆಯೂ ಕಾಗದದ ಮೇಲೆ ಏರಿ, ತೆರಿಗೆಯೂ ಏರಿತು. “ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ!” ಎನ್ನುತ್ತಿದ್ದ. ಹಾಗಾಗಿ ಪ್ರತಿ ಸಲವೂ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೋಗಿ, ಅವಳು ‘ಬೇಕು’, ಅವನು ‘ಬೇಡ’. ಎತ್ತು ಏರಿಗೆ, ಕೋಣ ನೀರಿಗೆ. “ಮನೇಲೇ ಕೂತಿದ್ರೆ ಪೆಟ್ರೋಲಾದ್ರೂ ಉಳೀತಿತ್ತಲ್ರೋ” ಎಂದು ಊರವರು ನಕ್ಕರೆ ಇವರೂ ನಗುತ್ತಿದ್ದರು.

ಆ ನಗು ನಿಂತದ್ದು ಕಳೆದ ವಸಂತದಲ್ಲಿ. ‘ಬೇಡ’ ಗೆದ್ದಿತು, ವರ್ಷ ಮುಗಿಯುವ ಮುನ್ನವೇ ಶಾಲೆಗೆ ಬೀಗ ಬಿತ್ತು. ಲೆಂಪಿ ಪಾತ್ರೆಗಳನ್ನೆಲ್ಲ ಉಜ್ಜಿ, ಬೋರಲು ಹಾಕಿ ಮನೆಗೆ ಬಂದಳು.

“ನನ್ನ ಒಲೆ ಆರಿಸಿದ್ದು ನೀನೇ ಕಣೋ” ಎಂದಳು. ಶರತ್ಕಾಲದಲ್ಲಿ ಶಾಲೆ ಹೇಗೋ ಕುಂಟುತ್ತ ತೆರೆದು, ಅವಳು ಒಲೆಗೆ ಮರಳಿದರೂ ಅವಳ ಮನಸ್ಸು ತೆರೆಯಲಿಲ್ಲ. ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ; ತಾನು ಬೇರೆ ಕೂತು ಉಂಡಳು. ಒಂದು ಕ್ಷಮೆಯ ಮಾತು ಬಂದಿದ್ದರೆ ಸಾಕಿತ್ತು. ಆ ಮಹರಾಯನ ಬಾಯಿಂದ ಅದು ಬರಬೇಕಲ್ಲ!

ಅಷ್ಟರಲ್ಲಿ ಸರಕಾರ ಶಾಲೆಗಾಗಿ ಮನೆಗಳ ಮೇಲೆ ಹೇರಿದ್ದ ತೆರಿಗೆಯ ಹೊರೆಯನ್ನು ಇಳಿಸಿಬಿಟ್ಟಿತು. ಆ ಜಾಗಕ್ಕೆ ಹಣ ಎಲ್ಲಿಂದ ತರುವುದು ಎಂದು ಮಾರ್ಚಿನಲ್ಲಿ ಇಡೀ ರಾಜ್ಯವೇ ವೋಟು ಹಾಕಬೇಕಾಯಿತು. ‘ಬೇಕು’ ಎಂದರೆ ಅಂಗಡಿಯಲ್ಲಿ ಕೊಳ್ಳುವ ಸಾಮಾನಿನ ಮೇಲೆ ಹೆಚ್ಚು ತೆರಿಗೆ. ‘ಬೇಡ’ ಎಂದರೆ ಸಂಬಳದ ಮೇಲೆ ಹೆಚ್ಚು ತೆರಿಗೆ. ಹೇಗಾದರೂ ಶಾಲೆ ನಡೆಯುತ್ತದೆ. ಇದನ್ನು ವಿವರಿಸಲು ಶಾಲೆಯಲ್ಲಿ ಕರೆದ ಸಭೆಗೆ ಹೋಗಿದ್ದ ಲೆಂಪಿಗೆ ಇದು ಗೊತ್ತು. ರೈನೊ ಹೋಗಿರಲಿಲ್ಲ.

ವೋಟು ಹಾಕಿ ಬಂದವನ ಮುಖ ಸುಣ್ಣದಂತಾಗಿತ್ತು. ಲೆಂಪಿ ಆಗಲೇ ಕೂತಿದ್ದ ಟ್ರಕ್ಕು ಹತ್ತಿ, ಕೀಲಿ ತಿರುಗಿಸದೆ ಕೂತ.

“ಏನಾಯ್ತೋ?”

“ತಪ್ಪಾಯ್ತು ಕಣೇ. ‘ಬೇಡ’ ಒತ್ಬಿಟ್ಟೆ.”

“ಅದೇನು ಹೊಸದೇ?”

“ಈ ಸಲ ‘ಬೇಕು’ ಅಂತ ಹಾಕೋಕೇ ಹೋಗಿದ್ದೆ. ನಿನ್ನ ಒಲೆಗೋಸ್ಕರ. ಈ ಹಾಳು ಕೈ ಕೇಳ್ಲಿಲ್ಲ.” ಅವನು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟ. “ಹೋದ್ ವರ್ಷಾನೂ ನಾನೇ... ಈಗ್ಲೂ ನಾನೇ ಮುಚ್ಚಿಸಿದ್ನಲ್ಲೇ, ಲೆಂಪಿ.”

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅದೇ. ಆದರೆ ಲೆಂಪಿಯ ಎದೆಯ ಮೇಲೆ ವರ್ಷದಿಂದ ಕೂತಿದ್ದ ಕಲ್ಲು ಅಲ್ಲೇ ಇಳಿಯಿತು. ಅವನು ಅಳುವಷ್ಟು ಅಳಲೆಂದು ಕಿಟಕಿಯಾಚೆಯ ಹಿಮ ನೋಡುತ್ತ ಬಿಟ್ಟಳು. ಆಮೇಲೆ ಹೇಳಿದಳು: “ಯಾವುದು ಗೆದ್ರೂ ಶಾಲೆ ಮುಚ್ಚಲ್ಲ ಕಣೋ, ಪೆದ್ದೇ.”

“ಆಂ? ಮೊದ್ಲೇ ಒದರ್ಬಾರ್ದಿತ್ತಾ? ನನ್ನ ಜೀವ ಬಾಯಿಗೆ ಬಂದಿತ್ತು!”

“ನಾನು ವರ್ಷವೆಲ್ಲ ಅತ್ತಿದ್ದೀನಿ. ನೀನು ಐದು ನಿಮಿಷ ಅತ್ರೆ ಗಂಟೇನು ಹೋಗುತ್ತೆ?”

ಅವನು ನಗಲೂ ಆಗದೆ ಬೈಯಲೂ ಆಗದೆ ಮೂಗು ಒರೆಸಿಕೊಂಡ. ರಾತ್ರಿ ರೇಡಿಯೊದಲ್ಲಿ ‘ಬೇಕು’ ಭಾರಿ ಅಂತರದಿಂದ ಗೆದ್ದ ಸುದ್ದಿ ಬಂದಾಗ ರೈನೊ ಮೇಜು ಗುದ್ದಿ ಎದ್ದ. “ಸೋತೆ ಕಣೇ! ನಾನು ಸೋತೇ ಹೋದೆ!” ಎಂದು ಕುಣಿದ. ಲೆಂಪಿ ತನ್ನ ತಟ್ಟೆಯನ್ನೂ ತಂದು ಅವನ ಪಕ್ಕದಲ್ಲೇ ಊಟಕ್ಕೆ ಕೂತಳು.