ಸಿಡೋನಿ ಕಲಿತ ಇಟಾಲಿಯನ್

ಸಿಡೋನಿ ನಮ್ಮ ಪಕ್ಕದ ಮನೆಯವಳು. ಲಕ್ಸೆಂಬರ್ಗಿನ ಡ್ಯೂಡೆಲಾಂಜ್ ಊರಿನ ಉಕ್ಕಿನ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ನಲವತ್ತೊಂದು ವರ್ಷ ನಮ್ಮೆರಡು ಮನೆಗೂ ಒಂದೇ ಗೋಡೆ. ಅವಳು ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದರೆ ನಿಮಗೆ ಸಿಟ್ಟು ಬರುತ್ತದೆ. ನನಗೂ ಬಂದಿತ್ತು.

ಅವಳು ಬೇಕರಿಯಲ್ಲಿ ಬ್ರೆಡ್ ಮಾರುತ್ತಿದ್ದಳು. ಗಿರಾಕಿ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಸಾಕು, ಯಾವ ಭಾಷೆಯವರು ಎಂದು ಮುಖ ನೋಡಿಯೇ ಹೇಳುತ್ತಿದ್ದಳು. ಗಡಿಯಾಚೆಯಿಂದ ಬಂದವರಿಗೆ ಫ್ರೆಂಚು, ಟ್ರಿಯರ್ ಕಡೆಯವರಿಗೆ ಜರ್ಮನ್, ಊರವರಿಗೆ ನಮ್ಮ ಲಕ್ಸೆಂಬರ್ಗಿಷ್. ಇಟಾಲಿಯನ್ನರಿಗೂ ಲಕ್ಸೆಂಬರ್ಗಿಷ್ಷೇ. "ಇವರಜ್ಜ ಗಣಿ ಕೆಲಸಕ್ಕೆ ಬಂದು ಎಷ್ಟು ವರ್ಷ ಆಯ್ತು? ಇನ್ನೂ ಕಲೀಲಿಲ್ಲ ಅಂದ್ರೆ ಅದು ನನ್ನ ತಪ್ಪಾ?" ಎನ್ನುತ್ತಿದ್ದಳು. ಅಂಥವಳು ಮದುವೆಯಾದದ್ದು ಮಾತ್ರ ಇಟಾಲಿಯನ್ನನನ್ನೇ.

ರೆಮೊ ಹುಟ್ಟಿದ್ದು ರೈಲು ಹಳಿಯಾಚೆಯ ಇಟಾಲಿಯನ್ನರ ಕೇರಿಯಲ್ಲಿ. ಕಾರ್ಖಾನೆಯಲ್ಲಿ ಕಾದ ಉಕ್ಕಿನ ಹಾಳೆ ಎಳೆಯುವ ಕೆಲಸ. ನಮ್ಮ ಭಾಷೆಯನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದ. ಬೈಗುಳವನ್ನಂತೂ ಕೇಳಲೇಬೇಕು. ಮಗಳು ಕರಿನ್ ಹುಟ್ಟುವವರೆಗೆ ಆ ಮನೆಯಲ್ಲಿ ಯಾವ ಭಾಷೆಯ ತಕರಾರೂ ಇರಲಿಲ್ಲ.

ನಮ್ಮಲ್ಲಿ ಮಕ್ಕಳು ಮನೆಯಲ್ಲಿ ಆಡುವುದು ಒಂದು, ಶಾಲೆಯಲ್ಲಿ ಅಕ್ಷರ ಕಲಿಯುವುದು ಜರ್ಮನ್‌ನಲ್ಲಿ, ಮರುವರ್ಷವೇ ಫ್ರೆಂಚು ಬಂದು ಕೂರುತ್ತದೆ. ಹನ್ನೆರಡರ ವಯಸ್ಸಿಗೆ ಜರ್ಮನ್ ಅಂಕ ಕಡಿಮೆಯಾದರೆ ಒಳ್ಳೆಯ ಹೈಸ್ಕೂಲಿನ ಆಸೆ ಬಿಡಬೇಕು. ಹಾಗಾಗಿ ಹೆತ್ತವರಿಗೆ ಸದಾ ಒಂದು ಭಯ. ಆ ಕಾಲದಲ್ಲಿ ಯಾರೋ ಒಬ್ಬ ಟೀಚರಮ್ಮ ಸಿಡೋನಿಗೆ ಹೇಳಿದಳಂತೆ, ಮೂರು ಭಾಷೆಯೇ ಭಾರ, ನಾಲ್ಕನೆಯದು ಸೇರಿದರೆ ಮಗುವಿನ ತಲೆ ಕಲಸುಮೇಲೋಗರ ಆಗುತ್ತದೆ ಎಂದು. ಅಂದು ಸಂಜೆಯೇ ಸಿಡೋನಿ ಅಪ್ಪಣೆ ಹೊರಡಿಸಿದಳು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸಿತು.

"ಇವತ್ತಿಂದ ಈ ಮನೇಲಿ ಇಟಾಲಿಯನ್ ಬೇಡ ರೆಮೊ. ನಿಮ್ಮಮ್ಮಂಗೂ ಹೇಳಿಬಿಡು."

"ನಮ್ಮಮ್ಮಂಗೆ ಬೇರೆ ಏನೂ ಬರಲ್ಲ ಕಣೆ."

"ಬರದಿದ್ರೆ ಸುಮ್ನೆ ಕೂತ್ಕೊಳ್ಳಿ. ಮಗೂನ ಎತ್ಕೊಳ್ಳೋಕೆ ಮಾತು ಬೇಕಾ?"

ಅತ್ತೆ ಅಸುಂತಾ ಸುಮ್ಮನೇ ಕೂತಳು. ಭಾನುವಾರ ಬರುವಳು, ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂರುವಳು, ಮೊಮ್ಮಗಳ ಕೈಗೆ ಬಿಸ್ಕತ್ತು ಕೊಟ್ಟು ಕೆನ್ನೆ ಸವರುವಳು, ಎದ್ದು ಹೋಗುವಳು. ಹನ್ನೊಂದು ವರ್ಷ ಹೀಗೇ ನಡೆದು ಒಂದು ದಿನ ತೀರಿಹೋದಳು. ರೆಮೊ ಒಂದು ದಿನವೂ ಎದುರು ಮಾತಾಡಲಿಲ್ಲ. ತಾಯಿಯ ಫೋನ್ ಬಂದರೆ ತಂತಿ ಎಳೆದುಕೊಂಡು ಮೆಟ್ಟಿಲ ಮೇಲೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಅವನ ಮೇಲೂ ನನಗೆ ಸಿಟ್ಟಿದೆ. ಉಕ್ಕು ಎಳೆಯುವ ಗಂಡಸಿಗೆ ಒಂದು ಬಾಗಿಲು ತೆರೆದಿಟ್ಟು ಮಾತಾಡಲು ಏನಾಗಿತ್ತು?

ಕರಿನ್ ಚೆನ್ನಾಗಿ ಓದಿದಳು. ಈಗ ರಾಜಧಾನಿಯಲ್ಲಿ ಅನುವಾದದ ಕೆಲಸ. ಐದು ಭಾಷೆ ಬರುತ್ತದೆ. ಅಪ್ಪನದು ಬರುವುದಿಲ್ಲ.

ಅರವತ್ತೆಂಟರ ವಯಸ್ಸಿನಲ್ಲಿ ರೆಮೊನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಆರನೇ ವಾರ ಮಾತು ಮರಳಿತು, ಆದರೆ ಇಟಾಲಿಯನ್ ಮಾತ್ರ. ಆಮೇಲೆ ಕಲಿತದ್ದನ್ನೆಲ್ಲ ಕಾಯಿಲೆ ಒರೆಸಿಹಾಕಿದೆ, ಮೊದಲು ಕಲಿತದ್ದು ಉಳಿದಿದೆ ಎಂದರು ಡಾಕ್ಟರು. ಲಕ್ಸೆಂಬರ್ಗಿಷ್ ಆಡಿದರೆ ಅವನು ಬಾಯಿ ನೋಡುತ್ತಿದ್ದ. ಫ್ರಾನ್ಸಿನಿಂದ ಬರುತ್ತಿದ್ದ ನರ್ಸಿನ ಫ್ರೆಂಚೂ ತಿಳಿಯುತ್ತಿರಲಿಲ್ಲ. ಗಂಟೆಗಟ್ಟಲೆ ತಾನೇ ಏನೋ ಹೇಳುತ್ತಿದ್ದ, ಕೇಳುತ್ತಿದ್ದ, ಉತ್ತರಕ್ಕೆ ಕಾಯುತ್ತಿದ್ದ. ಆ ಮನೆಯಲ್ಲಿ ಉತ್ತರ ಕೊಡುವವರು ಯಾರೂ ಇರಲಿಲ್ಲ.

"ಕೇರಿಯಿಂದ ಯಾರನ್ನಾದ್ರೂ ಕರೀತೀನಿ, ಏನ್ ಹೇಳ್ತಾನೆ ಅಂತ ಕೇಳೋಣ," ಎಂದೆ.

"ಬೇಡ," ಎಂದಳು ಸಿಡೋನಿ. "ಅವನ ಹತ್ರ ಒಂದು ಮಾತು ಹೇಳೋದಿದೆ ನಂಗೆ. ತಪ್ಪಾಯ್ತು ಅಂತ. ಅದನ್ನ ಇನ್ನೊಬ್ಬರ ಬಾಯಲ್ಲಿ ಹೇಳಿಸ್ಲಾ?"

ಪುರಸಭೆಯ ಇಟಾಲಿಯನ್ ತರಗತಿಗೆ ಸೇರಿದಳು. ವಯಸ್ಸು ಅರವತ್ತೈದು. ಸುತ್ತ ಕೂತವರು ಬೇಸಿಗೆಗೆ ಸಮುದ್ರತೀರಕ್ಕೆ ಹೋಗಲು ಭಾಷೆ ಕಲಿಯುವ ಹುಡುಗಿಯರು. ಇವಳು ಮಂಗಳವಾರವೂ ಗುರುವಾರವೂ ಬಸ್ಸು ಹಿಡಿದು ಹೋಗಿ ಬರುತ್ತಿದ್ದಳು. ಆಲೂಗಡ್ಡೆ ಸುಲಿಯುತ್ತ ಕ್ರಿಯಾಪದ ಬಾಯಿಪಾಠ ಮಾಡುತ್ತಿದ್ದಳು, ನನ್ನ ಮೇಲೆ ಪ್ರಯೋಗಿಸುತ್ತಿದ್ದಳು.

"ಸರಿಯಾಗಿದ್ಯಾ?"

"ನಂಗೇನ್ ಗೊತ್ತು? ಬೈದಂಗಿತ್ತು."

"ಕತ್ತೆ, ಹುರುಳಿಕಾಯಿ ಸಾರು ಬೇಕಾ ಅಂತ ಕೇಳ್ದೆ."

ನಕ್ಕೆವು. ಆ ಚಳಿಗಾಲದಲ್ಲಿ ಅವಳು ನಕ್ಕಿದ್ದು ಅಷ್ಟೇ ಎಂದು ಕಾಣುತ್ತದೆ. ಗಂಡನ ಮುಂದೆ ಮಾತ್ರ ಒಂದು ಪದವನ್ನೂ ಆಡುತ್ತಿರಲಿಲ್ಲ. ಆಡು ಮಾರಾಯ್ತಿ, ತಪ್ಪಿದರೆ ತಪ್ಪಲಿ ಎಂದು ನಾನು ಬಡಿದುಕೊಂಡೆ. "ಮುರುಕಲು ಮಾತಲ್ಲಿ ಕ್ಷಮೆ ಕೇಳಬಾರದು. ಪೂರ್ತಿ ಬರಲಿ," ಎಂದಳು. ಶಾಲೆಯಲ್ಲಿ ನಾವೆಲ್ಲ ತಪ್ಪಿಗೊಂದೊಂದು ಅಂಕ ಕಳೆದುಕೊಂಡು ಬೆಳೆದವರು. ಕೆಂಪು ಗೆರೆಯ ಹೆದರಿಕೆ ಮುದುಕಿಯಾದರೂ ಬಿಡುವುದಿಲ್ಲ. ಇನ್ನೊಂದು ಪಾಠ, ಇನ್ನೊಂದು ಪಾಠ ಎಂದು ಐದು ತಿಂಗಳು ಕಳೆದಳು.

ಫೆಬ್ರವರಿಯಲ್ಲಿ ಅವನಿಗೆ ಎರಡನೇ ಸಲ ಬಡಿಯಿತು. ಈ ಸಲ ಮುಖಗಳ ಗುರುತು ಹೋಯಿತು.

ಈಸ್ಟರ್ ಸೋಮವಾರ ಅವಳು ನನ್ನ ಅಡುಗೆಮನೆಗೆ ಬಂದು ಕೂತಳು. ನಾನು ಕಾಫಿ ಇಟ್ಟೆ, ಮುಟ್ಟಲಿಲ್ಲ.

"ಇವತ್ತು ಮಾತಾಡ್ದೆ," ಎಂದಳು.

"ಹೇಳಿದ್ಯಾ?"

"ಮೊದಲು ಹೇಗಿದ್ದೀ ಅಂತ ಕೇಳ್ದೆ. ಅವನ ಮುಖ ನೋಡ್ಬೇಕಿತ್ತು ನೀನು. ಎದ್ದು ಕೂತ. ನನ್ ಕೈ ಹಿಡ್ಕೊಂಡ. 'ಅಮ್ಮಾವ್ರೆ, ನೀವು ನಮ್ಮ ಕಡೆಯವರಾ? ಎಷ್ಟು ಚೆನ್ನಾಗಿ ಮಾತಾಡ್ತೀರಿ' ಅಂದ. ಪ್ರತಿಯೊಂದು ಪದಾನೂ ತಿಳೀತು ಕಣೆ ನಂಗೆ. ಅವರಮ್ಮ ಮಾಡ್ತಿದ್ದ ಸೂಪಿನ ವಿಷಯ ಹೇಳ್ದ, ಕೇರೀಲಿ ಇಗರ್ಜಿ ಗಂಟೆ ಹೊಡೀತಿದ್ದ ಮುದುಕನ ವಿಷಯ ಹೇಳ್ದ. ನಲವತ್ತು ವರ್ಷದಲ್ಲಿ ನಂಗೆ ಹೇಳಿರ್ಲಿಲ್ಲ ಅವನ್ನೆಲ್ಲ."

ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಸಮಾಧಾನ ಮಾಡುವುದಾದರೂ ಸುಲಭವಿತ್ತು.

"ಆಮೇಲೆ?"

"ಆಮೇಲೆ ಮನಸ್ಸು ಗಟ್ಟಿ ಮಾಡ್ಕೊಂಡು, ನಾನು ನಿಮ್ಮ ಕ್ಷಮೆ ಕೇಳ್ಬೇಕು ಅಂತ ಶುರು ಮಾಡ್ದೆ. ಅಷ್ಟರಲ್ಲಿ ಹೊರಗೆ ನರ್ಸಿನ ಹೆಜ್ಜೆ ಸಪ್ಪಳ ಆಯ್ತು. ಅವನು ಬಾಗಿಲ ಕಡೆ ನೋಡಿ, ನನ್ನ ಹತ್ರಕ್ಕೆ ಎಳ್ಕೊಂಡು ಪಿಸುಗುಟ್ಟಿದ. 'ಮೆಲ್ಲಗೆ ಅಮ್ಮಾವ್ರೆ, ನನ್ನ ಹೆಂಡ್ತಿ ಬಂದ್ಲು ಅನ್ಸುತ್ತೆ. ಒಳ್ಳೆಯವಳು, ಆದ್ರೆ ನಮ್ಮ ಮಾತು ಕೇಳಿದ್ರೆ ಅವಳಿಗೆ ಆಗಲ್ಲ. ನಾವು ಮಾತಾಡಿದ್ದು ಅವಳಿಗೆ ಹೇಳ್ಬೇಡಿ.'"

ಗೋಡೆಯಾಚೆ ಅವನು ಯಾರನ್ನೋ ಕೂಗುತ್ತಿದ್ದ. ಸಿಡೋನಿ ಎದ್ದು ಏಪ್ರನ್ ಸರಿಮಾಡಿಕೊಂಡಳು.

"ನೀನೇನಂದೆ?" ಎಂದು ಕೇಳಿದೆ.

"ಹೇಳಲ್ಲ ಅಂದೆ."