ಅಮ್ಮ ನೋಡದೇ ಉಳಿದಿದ್ದ ಸಿನಿಮಾ

ನಮ್ಮಮ್ಮ ಟೈಲರ್ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು. ದಿನಕ್ಕೆ ಹತ್ತು ಶರ್ಟು, ಶರ್ಟಿಗೆ ಏಳು ಕಾಜಾ, ಎಲ್ಲ ಕೈಹೊಲಿಗೆ. ಎದುರಿನ ಥಿಯೇಟರಿನಲ್ಲಿ ಅಪ್ಪ ಗೇಟ್‌ಕೀಪರ್. ಆ ವರ್ಷ ಅಲ್ಲೊಂದು ಕಾಮಿಡಿ ಸಿನಿಮಾ ಇಪ್ಪತ್ತೈದು ವಾರ ಓಡಿತು. ಟಿಕೆಟ್ ಹರಿಯುವಾಗಿನ ನೂಕುನುಗ್ಗಲಿಗೆ ಅಪ್ಪನ ಯೂನಿಫಾರ್ಮಿನ ಗುಂಡಿ ವಾರಕ್ಕೊಂದಾದರೂ ಕಿತ್ತುಬರುತ್ತಿತ್ತು. ಆಟ ಶುರುವಾದ ಮೇಲೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಬರುತ್ತಿದ್ದ, ಅಮ್ಮ ಹಾಕಿಕೊಡುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ನಾಲ್ಕನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಅಮ್ಮ ಹಲ್ಲಿನಲ್ಲಿ ದಾರ ಕಚ್ಚುತ್ತಿದ್ದಾಗ, ಈ ಮಹಾಶಯ ಬಾಯಿಬಿಟ್ಟ:

"ನಿಮ್ಮ ಪಕ್ಕ ನಿಂತ್ರೆ ನನಗೆ ಗಡಿಯಾರ ನೋಡೋದೇ ಮರ್ತುಹೋಗುತ್ತೆ."

ಅಷ್ಟಕ್ಕೇ ಅಮ್ಮ ಅವನನ್ನು ಮದುವೆಯಾದಳು.

ಅಪ್ಪ ಕೆಟ್ಟವನಲ್ಲ, ಉಡಾಫೆಯ ಆಸಾಮಿ. ನಾನು ಹುಟ್ಟಿ ಅಮ್ಮ ಇನ್ನೂ ಆಸ್ಪತ್ರೆಯಲ್ಲಿದ್ದಾಗ ಅವಳ ಹೊಲಿಗೆ ಮಿಷನ್ ಮಾರಿ ಸ್ಕೂಟರ್ ತಂದ. ಒಂದು ಮಾತು ಕೇಳಲಿಲ್ಲ. ಅಮ್ಮ ಎರಡು ದಿನ ಮಾತುಬಿಟ್ಟಳು, ಮೂರನೆಯ ದಿನ ಹೊಟ್ಟೆಗೆ ಹಾಕಿಕೊಂಡಳು. ಹೇಗೆ ಸಾಧ್ಯವಾಯಿತು ಎಂದು ದೊಡ್ಡವಳಾದ ಮೇಲೆ ಕೇಳಿದ್ದೆ.

"ಆ ಮಾತು ನೆನಸ್ಕೊಂಡೆ. ನನಗೇ ಅಂತ ಒಬ್ರು ಕಟ್ಟಿದ ಮಾತು ಇರೋದು ಅದೊಂದೇ ಕಣೆ," ಎಂದಿದ್ದಳು.

ಅಷ್ಟು ಹತ್ತಿರ ಓಡಿದ ಸಿನಿಮಾವನ್ನು ಅಮ್ಮ ಮಾತ್ರ ನೋಡಿರಲಿಲ್ಲ. ಆಗ ಕೆಲಸ ಬಿಟ್ಟು ಏಳುವಂತಿರಲಿಲ್ಲ. ಮದುವೆಯಾದ ಮೇಲೆ ಅದೇ ಸಿನಿಮಾ ಎರಡು ಸಲ ಮತ್ತೆ ಬಂತು. ಕರೆದುಕೊಂಡು ಹೋಗಿ ಅಂದರೆ ಅಪ್ಪ, "ಬರೀ ತಲೆಹರಟೆ ಕಣೆ, ನಿನಗೆ ಹಿಡಿಸಲ್ಲ," ಎಂದು ತೇಲಿಸಿಬಿಡುತ್ತಿದ್ದ.

ಇರಲಾರದೆ ಇರುವೆ ಬಿಟ್ಟುಕೊಂಡವಳು ನಾನೇ. ಮೊನ್ನೆ ಭಾನುವಾರ ಅಪ್ಪನಿಗೆ ಅರವತ್ತೈದು ತುಂಬಿತು. ಖುಷಿಯಾಗಲಿ ಎಂದು ಆ ಸಿನಿಮಾ ಹುಡುಕಿ ಟಿವಿಗೆ ಹಾಕಿದೆ. "ಬೇಡ ಬಿಡೆ, ಪ್ರಿಂಟ್ ಚೆನ್ನಾಗಿರಲ್ಲ," ಎಂದು ಅಪ್ಪ ಎರಡು ಸಲ ಹೇಳಿದ. ನಾಚಿಕೆ ಅಂದುಕೊಂಡೆ.

ಸಿನಿಮಾ ಹಳಸಿಹೋಗಿತ್ತು. ಕಪಾಳಕ್ಕೆ ಹೊಡೆದರೆ ಗಂಟೆ ಬಾರಿಸಿದ ಸದ್ದು, ಹೆಜ್ಜೆಗೊಂದು ಬಾಳೆಹಣ್ಣಿನ ಸಿಪ್ಪೆ. ನನಗೆ ಆಕಳಿಕೆ ಬರುತ್ತಿತ್ತು. ಅಮ್ಮ ಮಾತ್ರ ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಿದ್ದಳು. ಆಮೇಲೆ ಪಾರ್ಕಿನ ದೃಶ್ಯ ಬಂತು. ಕಳ್ಳನನ್ನು ಹಿಡಿಯಲು ಹೆಣ್ಣುವೇಷ ಹಾಕಿದ ಡೊಳ್ಳುಹೊಟ್ಟೆಯ ಪೊಲೀಸು ಬೆಂಚಿನ ಮೇಲೆ ಕೂತಿದ್ದಾನೆ. ಕಳ್ಳ ಹಲ್ಲುಕಿರಿಯುತ್ತ ಬಂದು ನಿಂತು, ಕಣ್ಣು ಹೊಡೆದು ಹೇಳಿದ:

"ನಿಮ್ಮ ಪಕ್ಕ ನಿಂತ್ರೆ ನನಗೆ ಗಡಿಯಾರ ನೋಡೋದೇ ಮರ್ತುಹೋಗುತ್ತೆ."

ಅಮ್ಮನ ಕೈ ಬಾಯಿಯ ಮೇಲೇ ಉಳಿಯಿತು. ನಾನು ಟಿವಿ ನಿಲ್ಲಿಸಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಸಲ ತೇಲಿಸಿದ್ದೇಕೆ, ಈಗ ಪ್ರಿಂಟಿನ ನೆಪ ಹೇಳಿದ್ದೇಕೆ ಎಂಬುದು ಒಟ್ಟಿಗೇ ಹೊಳೆಯಿತು. ಗೊತ್ತಿದ್ದೂ ಗೊತ್ತಿದ್ದೂ ಇಷ್ಟು ವರ್ಷ ಬಚ್ಚಿಟ್ಟಿದ್ದಾನೆ ಈ ಮನುಷ್ಯ.

"ಅದು... ಆಗ ನನಗೆ ಮಾತಾಡೋಕೇ ಬರ್ತಿರಲಿಲ್ಲ ಕಣೆ," ಎಂದ ಅಪ್ಪ. "ದಿನಾ ಕೇಳಿ ಕೇಳಿ ಬಾಯಿಗೆ ಬಂದಿತ್ತು."

"ಕದ್ದಿದ್ದಕ್ಕೆ ಬೇಜಾರಿಲ್ಲರೀ," ಎಂದಳು ಅಮ್ಮ. ಧ್ವನಿ ಏರಿರಲಿಲ್ಲ. "ದಿನಕ್ಕೆ ಮೂರಾಟ. ಮೂರು ಸಲಾನೂ ಜನ ಈ ಮಾತಿಗೆ ಬಿದ್ದು ಬಿದ್ದು ನಗೋದು ಕೇಳಿಸ್ಕೊಂಡಿದ್ರಿ. ಕೇಳಿಸ್ಕೊಂಡು, ರಸ್ತೆ ದಾಟಿ ಬಂದು, ನನಗೆ ಹೇಳಿದ್ರಿ."

ಅಪ್ಪ ಅಂಗಿಯ ಗುಂಡಿ ತಿರುವುತ್ತ ಕೂತ.

"ನಾನು ಅದನ್ನ ಇಟ್ಕೊಂಡು ಸಂಸಾರ ಮಾಡಿದೆ," ಎಂದಳು. "ಹೋಗ್ಲಿ. ಈಗ ನಿಮ್ಮದೇ ಒಂದು ಮಾತು ಹೇಳಿ. ಚೆನ್ನಾಗಿರಬೇಕು ಅಂತೇನಿಲ್ಲ."

ಅಪ್ಪ ತುಂಬ ಹೊತ್ತು ಯೋಚಿಸಿದ. ಕಣ್ಣು ತುಂಬಿ ಬಂದಿತ್ತು, ಅದು ನಾಟಕವಲ್ಲ, ಆಣೆ ಮಾಡಿ ಹೇಳುತ್ತೇನೆ. ಕೊನೆಗೆ ಕೈಜೋಡಿಸಿದ.

"ತಪ್ಪು ನಂದೇ. ಶಿಕ್ಷೆ ನೀನೇ ಹೇಳು, ತಲೆ ಬಗ್ಗಿಸಿ ನಿಂತಿದ್ದೀನಿ."

ಅಮ್ಮ ಅವನ ಮುಖವನ್ನೇ ನೋಡಿದಳು.

"ಇದು ಆ ಕಳ್ಳ ಬಾಡಿಗೆ ಕೊಡದೆ ಮನೆ ಓನರ್‌ಗೆ ಹೇಳಿದ್ದು," ಎಂದಳು. "ಸಿನಿಮಾ ಶುರುವಿನಲ್ಲೇ ಬಂತು."